14 ಮೆಗಾಪಿಕ್ಸೆಲ್ ಎಲ್ಲಿ ಹೋಯಿತು? ಒಂದು ಫುಲ್ ಫ್ರೇಮ್ ಕ್ಯಾಮೆರಾ, ನಾಲ್ಕು ಲೆನ್ಸ್‌ಗಳ ಪ್ರಕರಣ

ಭಾನುವಾರ ಬೆಳಗ್ಗೆ ಏಳೂವರೆಗೆ ಭಾವ ಫೋನ್ ಮಾಡಿದರು. ದನಿಯಲ್ಲಿ ಗಾಬರಿ ಇತ್ತು.

"ಅಂಗಡಿಯವನು ಮೋಸ ಮಾಡ್ಬಿಟ್ಟ ಕಣಪ್ಪ. 24 ಮೆಗಾಪಿಕ್ಸೆಲ್ ಅಂತ ಹೇಳಿ ಕೊಟ್ಟ. ಕಂಪ್ಯೂಟರಿಗೆ ಹಾಕಿ ನೋಡಿದ್ರೆ ಬರೀ 10 ಇದೆ."

ಭಾವ ಶ್ರೀರಂಗಪಟ್ಟಣದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಜೆ ಬಂತು ಅಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಕ್ಕಿ ಹುಡುಕಿ ಹೊರಡುವವರು. ಒಂದು ತಿಂಗಳ ಸಂಬಳದಷ್ಟು ದುಡ್ಡು ಕೊಟ್ಟು, ಸೆಕೆಂಡ್ ಹ್ಯಾಂಡಿನಲ್ಲಿ ನಿಕಾನ್ ಡಿ750 ತಂದು ಎರಡು ದಿನ ಆಗಿತ್ತು. ಅದು ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಒಳಗೆ ಚಿತ್ರ ಹಿಡಿಯುವ ಚಿಪ್, ಸೆನ್ಸರ್, ದೊಡ್ಡದು. ಬಹಳ ವರ್ಷದ ಆಸೆ.

"ಯಾವ ಲೆನ್ಸ್ ಹಾಕಿದ್ರಿ ಭಾವ?"

"ಇದ್ದದ್ದೇ. 18-140."

"ಫೋಟೊದ ಅಗಲ, ಎತ್ತರ ಎಷ್ಟಿದೆ ಅಂತ ಓದಿ ಹೇಳಿ."

"3936, 2624."

ಆ ಎರಡು ಸಂಖ್ಯೆ ಕೇಳಿದ ಕೂಡಲೇ ವಿಷಯ ಗೊತ್ತಾಯಿತು. ಕ್ಯಾಮೆರಾ ಸರಿಯಾಗಿಯೇ ಇದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಆದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಅವನು ಕೇಳಿರಲಿಲ್ಲ: "ಸಾರ್, ನಿಮ್ಮ ಹತ್ರ ಇರೋ ಲೆನ್ಸ್ ಯಾವುದು?"

ಈ ಬರಹ ಆ ಕೇಳದೆ ಉಳಿದ ಪ್ರಶ್ನೆಯದು. ದೊಡ್ಡ ಸೆನ್ಸರಿನ ಆಸೆಗೆ ಬಿದ್ದು, ಲೆನ್ಸಿನ ವಿಚಾರ ಮರೆತು, ಆಮೇಲೆ ಬೇಸರ ಪಟ್ಟವರನ್ನು ನಾನು ಬೇಕಾದಷ್ಟು ಜನರನ್ನು ನೋಡಿದ್ದೇನೆ. ಭಾವನ ಪ್ರಕರಣದಲ್ಲಿ ಈ ಗೊಂದಲದ ಎಲ್ಲ ಮುಖಗಳೂ ಒಟ್ಟಿಗೆ ಸಿಗುತ್ತವೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಏನೇನಿತ್ತು

ಭಾವನ ಹಳೇ ಕ್ಯಾಮೆರಾ ನಿಕಾನ್ ಡಿ7200. ಅದೂ 24 ಮೆಗಾಪಿಕ್ಸೆಲ್. ಆದರೆ ಅದರ ಸೆನ್ಸರ್ ಚಿಕ್ಕದು: ಅಗಲ 23.5 ಮಿ.ಮೀ., ಎತ್ತರ 15.6 ಮಿ.ಮೀ. ಈ ಅಳತೆಯನ್ನು ನಿಕಾನ್‌ನವರು ಡಿಎಕ್ಸ್ ಅಂತ ಕರೆಯುತ್ತಾರೆ. ಉಳಿದವರು ಎಪಿಎಸ್-ಸಿ ಅನ್ನುತ್ತಾರೆ. ಹೊಸ ಡಿ750 ಫುಲ್ ಫ್ರೇಮ್, ನಿಕಾನ್ ಭಾಷೆಯಲ್ಲಿ ಎಫ್‌ಎಕ್ಸ್. ಸುಮಾರು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ವಿಸ್ತೀರ್ಣ ನೋಡಿದರೆ ಹಳೆಯದರ 2.3 ಪಟ್ಟಿಗಿಂತ ಸ್ವಲ್ಪ ಜಾಸ್ತಿ.

ಲೆನ್ಸ್‌ಗಳು ನಾಲ್ಕು. ದಿನಬಳಕೆಗೆ 18-140 ಝೂಮ್ (ಈ ಎಂಎಂ ಸಂಖ್ಯೆ ಲೆನ್ಸಿನ ಫೋಕಲ್ ಲೆಂತ್; ಅದು ಜಾಸ್ತಿಯಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ). ಮನೆಯೊಳಗಿನ ಫೋಟೊಗೆ 35 ಎಂಎಂ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ). ಇವೆರಡೂ ಡಿಎಕ್ಸ್ ಲೆನ್ಸ್, ಚಿಕ್ಕ ಸೆನ್ಸರಿಗೆ ಮಾಡಿದವು. ಹಕ್ಕಿಗೆ 200-500 ಎಂಎಂ ಎಫ್ 5.6. ಕೈಯಲ್ಲಿ ಹಿಡಿದರೆ 2 ಕೆಜಿಗಿಂತ ಭಾರ. ಕೊನೆಯದು ಊರಿನ ಸ್ಟುಡಿಯೋದವರು ಅಂಗಡಿ ಮುಚ್ಚುವಾಗ ಕೊಟ್ಟ 50 ಎಂಎಂ ಎಫ್ 1.8 ಡಿ. ಈ ಎರಡೂ ಫುಲ್ ಫ್ರೇಮಿಗೆ ಅಂತಲೇ ಮಾಡಿದ ಲೆನ್ಸ್.

ನಾಲ್ಕೂ ನಿಕಾನ್ ಎಫ್ ಮೌಂಟಿನವು (ಮೌಂಟ್ ಅಂದರೆ ಕ್ಯಾಮೆರಾಕ್ಕೆ ಲೆನ್ಸ್ ಸಿಕ್ಕಿಸುವ ಬಾಯಿ). 1959ರಲ್ಲಿ ಶುರುವಾದ ಮೌಂಟ್ ಅದು. ಹಾಗಾಗಿ ನಾಲ್ಕೂ ಡಿ750ಗೆ ಟಕ್ ಅಂತ ಕೂರುತ್ತವೆ. ಗೊಂದಲದ ಬೇರು ಇರುವುದೇ ಇಲ್ಲಿ. ಲೆನ್ಸ್ ಕೂತರೆ ಹೊಂದಿಕೆಯಾಯಿತು ಅಂದುಕೊಳ್ಳುತ್ತೇವೆ. ಕೂರುವುದು ಬೇರೆ, ಸೆನ್ಸರನ್ನು ಪೂರ್ತಿ ತುಂಬುವುದು ಬೇರೆ.

ಇಷ್ಟಕ್ಕೂ ಫುಲ್ ಫ್ರೇಮ್ ಯಾಕೆ ಬೇಕಾಯಿತು? ಹಿಂದಿನ ವರ್ಷ ಚಿಕ್ಕಪ್ಪನ ಮಗಳ ಮದುವೆ. ಬೆಳಗಿನ ಜಾವ ಧಾರೆ. ಛತ್ರದಲ್ಲಿ ಮಂಕು ಬೆಳಕು. 18-140 ಹಾಕಿ, ಐಎಸ್‌ಒ 6400ಕ್ಕೆ ಏರಿಸಿ (ಮಂಕು ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್ ಅದು) ತೆಗೆದ ಫೋಟೊಗಳೆಲ್ಲ ಮರಳು ಮರಳಾಗಿ ಬಂದಿದ್ದವು. ಭಾವನಿಗೆ ಅದು ಚುಚ್ಚಿತ್ತು. "ಫುಲ್ ಫ್ರೇಮ್ ತಗೊಳಿ, ಎಲ್ಲ ಸರಿಹೋಗುತ್ತೆ" ಅಂತ ಯಾರೋ ಹೇಳಿದರು. ಆ "ಎಲ್ಲ" ಅನ್ನುವ ಮಾತೇ ಅವರ ದಾರಿ ತಪ್ಪಿಸಿತು.

ಕಂಬಳಿಯೊಳಗಿನ ಪ್ರಯೋಗ

ಮುಂದಿನ ಶನಿವಾರ ಅಕ್ಕನ ಮನೆಗೆ ಹೋದೆ. ಬಾಯಲ್ಲಿ ಹೇಳುವ ಬದಲು ತೋರಿಸೋಣ ಅನ್ನಿಸಿತು. ಗಣಿತದ ಮೇಷ್ಟ್ರಿಗೆ ಅಳೆದು ತೋರಿಸಿದರೇ ಸಮಾಧಾನ.

ಭಾವ ಒಂದು ಬಿಳಿ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಎರಡು ಆಯತ ಬರೆದರು. ಹೊರಗಿನದು 36 × 24 ಮಿ.ಮೀ., ಒಳಗಿನದು 23.5 × 15.6 ಮಿ.ಮೀ. ಎರಡಕ್ಕೂ ಒಂದೇ ಕೇಂದ್ರ. ಅಟ್ಟದ ಮೇಲಿದ್ದ ಕರಿ ಕಂಬಳಿಯನ್ನು ಅಕ್ಕ ಕೊಡವಿ ಕೊಟ್ಟಳು. ಬಿಸಿಲು ಚೆನ್ನಾಗಿತ್ತು. ಬಾಗಿಲ ಹೊಸ್ತಿಲಲ್ಲಿ ಕೂತು, ಹಿಂದಿನ ಕಾಲದ ಫೋಟೊದವರ ಹಾಗೆ ಕಂಬಳಿ ಹೊದ್ದುಕೊಂಡೆವು. ಲೆನ್ಸಿನ ಮೂತಿ ಮಾತ್ರ ಹೊರಗೆ, ಅಂಗಳದ ಕಡೆಗೆ. ಒಳಗೆ ಕತ್ತಲು.

ಮೊದಲು 50 ಎಂಎಂ. ಈ ಹಳೇ ಲೆನ್ಸಿನಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ತಿರುಗಿಸುವ ಬಳೆ ಇದೆ. ಅದನ್ನು 1.8ಕ್ಕೆ ಇಟ್ಟು, ಹಿಂದೆ ರಟ್ಟು ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಸರಿಸಿದೆವು. ಒಂದು ಜಾಗದಲ್ಲಿ ಅಂಗಳದಾಚೆಯ ತೆಂಗಿನಮರ ರಟ್ಟಿನ ಮೇಲೆ ಸ್ಪಷ್ಟವಾಗಿ ಮೂಡಿತು. ತಲೆಕೆಳಗಾಗಿ, ಗರಿಗರಿಯೂ ಅಲ್ಲಾಡುತ್ತಾ, ಪೂರ್ತಿ ಬಣ್ಣದಲ್ಲಿ! ಅಕ್ಕನ ಮಗಳು ಕಂಬಳಿಯೊಳಗೆ ತಲೆ ತೂರಿಸಿ, "ಅಪ್ಪಾ, ಟೀವಿ ಥರ ಇದೆ" ಅಂದಳು. ಎಷ್ಟು ಸಲ ನೋಡಿದರೂ ನನಗೂ ಅದು ಸೋಜಿಗವೇ.

ಗಮನಿಸಬೇಕಾದದ್ದು ಆ ಚಿತ್ರದ ಆಕಾರ. ಅದು ಆಯತ ಅಲ್ಲ, ವೃತ್ತ. ಲೆನ್ಸ್ ಯಾವಾಗಲೂ ದುಂಡಗಿನ ಚಿತ್ರವನ್ನೇ ಬೀರುತ್ತದೆ. ಸೆನ್ಸರ್ ಆ ವೃತ್ತದೊಳಗಿಂದ ಒಂದು ಆಯತ ಕತ್ತರಿಸಿಕೊಳ್ಳುತ್ತದೆ, ಅಷ್ಟೇ. 50 ಎಂಎಂ ಬೀರಿದ ವೃತ್ತದೊಳಗೆ ದೊಡ್ಡ ಆಯತ ನಾಲ್ಕೂ ಮೂಲೆ ಸಮೇತ ಕೂತಿತ್ತು. 36 ಮತ್ತು 24ರ ಕರ್ಣ ಎಷ್ಟು? ಭಾವ ಬಾಯಲ್ಲೇ ಲೆಕ್ಕ ಹಾಕಿದರು: 43.3 ಮಿ.ಮೀ. ಅಂದರೆ ಫುಲ್ ಫ್ರೇಮ್ ಲೆನ್ಸಿನ ವೃತ್ತದ ವ್ಯಾಸ ಕನಿಷ್ಠ ಅಷ್ಟಾದರೂ ಇರಲೇಬೇಕು.

ಆಮೇಲೆ 18-140. ಇದರಲ್ಲಿ ಅಪರ್ಚರ್ ಬಳೆ ಇಲ್ಲ. ಕ್ಯಾಮೆರಾದಿಂದ ಬಿಚ್ಚಿದರೆ ಒಳಗಿನ ಎಲೆಗಳು ಮುಚ್ಚಿಕೊಂಡಿರುತ್ತವೆ. ಹಿಂಭಾಗದಲ್ಲಿರುವ ಪುಟ್ಟ ಲಿವರನ್ನು ಬೆರಳಿನಿಂದ ಮೆತ್ತಗೆ ಸರಿಸಿ ಹಿಡಿದರೆ ತೆರೆಯುತ್ತವೆ. ಝೂಮನ್ನು 18ಕ್ಕೆ ಇಟ್ಟು ನೋಡಿದೆವು. ಅಂಗಳ, ಕಾಂಪೌಂಡು, ಪಕ್ಕದ ಮನೆ, ಎಲ್ಲವೂ ಬಂತು. ಆದರೆ ವೃತ್ತ ಚಿಕ್ಕದು. ಒಳಗಿನ ಆಯತ ಪೂರ್ತಿ ತುಂಬಿತ್ತು. ಹೊರಗಿನ ಆಯತದ ನಾಲ್ಕು ಮೂಲೆಯೂ ಕಗ್ಗತ್ತಲು.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಓ, ಅದಕ್ಕೆ 10" ಅಂದರು.

ಹೌದು, ಅದಕ್ಕೇ 10. ಡಿಎಕ್ಸ್ ಲೆನ್ಸ್ ಕೂತಿದೆ ಅಂತ ಡಿ750ಗೆ ತಾನಾಗಿ ಗೊತ್ತಾಗುತ್ತದೆ. ಮೂಲೆಗಳು ಕಪ್ಪಾಗುವುದು ಬೇಡ ಅಂತ ಅದು ತನ್ನ ಸೆನ್ಸರಿನ ನಡುವಿನ ಭಾಗವನ್ನು ಮಾತ್ರ ಬಳಸುತ್ತದೆ. ನಡುವೆ ಇರುವುದು 3936 × 2624 ಪಿಕ್ಸೆಲ್. ಗುಣಿಸಿದರೆ 1 ಕೋಟಿ 3 ಲಕ್ಷ ಚಿಲ್ಲರೆ, ಅಂದರೆ 10.3 ಮೆಗಾಪಿಕ್ಸೆಲ್. ಉಳಿದ 14 ಮೆಗಾಪಿಕ್ಸೆಲ್ ಎಲ್ಲೂ ಹೋಗಿಲ್ಲ. ಬಳಸದೆ ಬಿಟ್ಟ ಜಾಗದಲ್ಲಿ ಸುಮ್ನೆ ಕೂತಿವೆ.

ಆ ಕಂಬಳಿಯೊಳಗೆ ಇನ್ನೊಂದು ಅಳತೆಯನ್ನೂ ತೆಗೆದುಕೊಂಡೆವು. ತೆಂಗಿನಮರ ಸ್ಪಷ್ಟವಾಗಿ ಮೂಡಿದಾಗ ಲೆನ್ಸಿನ ಹಿಂಭಾಗದ ಲೋಹದ ಬಳೆಗೂ ರಟ್ಟಿಗೂ ಎಷ್ಟು ದೂರ? ಸ್ಕೇಲ್ ಇಟ್ಟು ನೋಡಿದರೆ ನಾಲ್ಕೂವರೆ ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ನಿಕಾನ್ ಎಫ್ ಮೌಂಟಿನ ನಿಖರ ಲೆಕ್ಕ 46.5 ಮಿ.ಮೀ. ಎರಡೂ ಲೆನ್ಸಿಗೆ ಅದೇ ದೂರ. ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

36, 24 ಎಲ್ಲಿಂದ ಬಂತು

ಊಟಕ್ಕೆ ಕೂತಾಗ ಭಾವ ಕೇಳಿದರು: "ಈ ಫುಲ್ ಅನ್ನೋದು ಯಾವುದಕ್ಕೆ ಫುಲ್? ಇದಕ್ಕಿಂತ ದೊಡ್ಡದು ಇಲ್ವಾ?"

ಇದೆ. ಫ್ಯೂಜಿಯವರ ಜಿಎಫ್‌ಎಕ್ಸ್ ಕ್ಯಾಮೆರಾಗಳ ಸೆನ್ಸರ್ 43.8 × 32.9 ಮಿ.ಮೀ. ಹಾಗಾಗಿ "ಫುಲ್" ಅನ್ನುವುದು ಹಳೇ ರೀಲಿನ ಲೆಕ್ಕ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ರೀಲನ್ನು ಪುಟ್ಟ ಕ್ಯಾಮೆರಾಕ್ಕೆ ತುಂಬಿಸಿದರು. ಸಿನಿಮಾದ ಒಂದು ಚೌಕಟ್ಟು 18 × 24 ಮಿ.ಮೀ. ಅದು ಚಿಕ್ಕದಾಯಿತು ಅಂತ ಎರಡನ್ನು ಜೋಡಿಸಿ 24 × 36 ಮಾಡಿದರು. 1925ರಲ್ಲಿ ಆ ಕ್ಯಾಮೆರಾ ಲೈಕಾ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಅಪ್ಪಂದಿರ ಮದುವೆ ಆಲ್ಬಮ್ಮಿನ ಎಷ್ಟೋ ನೆಗೆಟಿವ್‌ಗಳು ಅದೇ ಅಳತೆಯವು.

ಡಿಜಿಟಲ್ ಬಂದಾಗ ಅಷ್ಟು ದೊಡ್ಡ ಸೆನ್ಸರ್ ಮಾಡುವುದು ತುಂಬಾ ದುಬಾರಿಯಾಗಿತ್ತು. ಕಾರಣ ಸರಳ. ಸೆನ್ಸರ್‌ಗಳನ್ನು ಸಿಲಿಕಾನಿನ ಒಂದು ದುಂಡು ಬಿಲ್ಲೆಯಿಂದ ಕತ್ತರಿಸುತ್ತಾರೆ. ತಟ್ಟೆಯಲ್ಲಿ ಹೊಯ್ದ ಮೈಸೂರು ಪಾಕನ್ನು ನೆನೆಸಿಕೊಳ್ಳಿ. ಅಲ್ಲಲ್ಲಿ ಐದಾರು ಕಡೆ ಸೀದಿದೆ ಅಂತ ಇಟ್ಟುಕೊಳ್ಳಿ. ಸಣ್ಣ ಸಣ್ಣ ತುಂಡು ಮಾಡಿದರೆ ಐದಾರು ತುಂಡು ಬಿಸಾಕಿದರೆ ಆಯಿತು. ದೊಡ್ಡ ದೊಡ್ಡ ತುಂಡು ಮಾಡಿದರೆ? ತಟ್ಟೆಯಲ್ಲಿ ಮಾರುವಂಥದ್ದು ಉಳಿಯುವುದೇ ಕಷ್ಟ. ಅಂಚಿನಲ್ಲಿ ಹಾಳಾಗುವುದೂ ಜಾಸ್ತಿ.

ಅದಕ್ಕೇ 1999ರಲ್ಲಿ ಬಂದ ನಿಕಾನ್ ಡಿ1ರಲ್ಲಿ ಚಿಕ್ಕ ಸೆನ್ಸರ್ ಇತ್ತು. ನಿಕಾನ್‌ನ ಮೊದಲ ಫುಲ್ ಫ್ರೇಮ್ ಡಿಜಿಟಲ್ ಕ್ಯಾಮೆರಾ ಡಿ3 ಬಂದದ್ದು 2007ರಲ್ಲಿ. ಎಂಟು ವರ್ಷದ ಅಂತರ. ಆ ನಡುವೆ ಚಿಕ್ಕ ಸೆನ್ಸರಿಗೆ ಸಾಕಾಗುವಷ್ಟು ಮಾತ್ರ ವೃತ್ತ ಬೀರುವ, ಹಗುರದ, ಅಗ್ಗದ ಲೆನ್ಸ್‌ಗಳು ಹುಟ್ಟಿಕೊಂಡವು. ಅವೇ ಡಿಎಕ್ಸ್ ಲೆನ್ಸ್. ಮೌಂಟ್ ಹಳೆಯದೇ, ವೃತ್ತ ಮಾತ್ರ ಚಿಕ್ಕದು.

ಕ್ಯಾನನ್‌ನವರು ಇಲ್ಲಿ ಬೇರೆ ದಾರಿ ಹಿಡಿದರು. 2003ರಲ್ಲಿ ಚಿಕ್ಕ ಸೆನ್ಸರಿಗೆ ಅಂತಲೇ ಇಎಫ್-ಎಸ್ ಲೆನ್ಸ್‌ಗಳನ್ನು ತಂದರು. ಅವುಗಳ ಹಿಂಭಾಗ ಕ್ಯಾಮೆರಾದೊಳಕ್ಕೆ ಸ್ವಲ್ಪ ಜಾಸ್ತಿ ಚಾಚಿಕೊಂಡಿರುತ್ತದೆ. ಫುಲ್ ಫ್ರೇಮ್ ಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಹಾಕಲು ಹೋದರೆ ಕೂರುವುದೇ ಇಲ್ಲ. ಗುರುತೂ ಬೇರೆ: ಇಎಫ್-ಎಸ್‌ಗೆ ಬಿಳಿ ಚೌಕ, ಇಎಫ್‌ಗೆ ಕೆಂಪು ಚುಕ್ಕೆ. ಭಾವನ ಶಾಲೆಯ ವಿಜ್ಞಾನದ ಮೇಷ್ಟ್ರ ಹತ್ತಿರ ಕ್ಯಾನನ್ ಇದೆ. ಅವರು ಫುಲ್ ಫ್ರೇಮ್ ತಗೊಂಡಿದ್ದರೆ ಅಂಗಡಿಯಲ್ಲೇ ಗೊತ್ತಾಗಿಬಿಡುತ್ತಿತ್ತು. ನಿಕಾನ್ ಕೂರಲು ಬಿಡುತ್ತದೆ, ಹಾಗಾಗಿ ಗೊತ್ತಾಗುವುದು ಮನೆಗೆ ಬಂದ ಮೇಲೆ. ಬೆಲೆ ಕಟ್ಟಿ ನೋಡಿದರೆ ನಿಕಾನ್ ದಾರಿಯೇ ನನಗೆ ಇಷ್ಟ. ಲೆನ್ಸ್ ವ್ಯರ್ಥ ಆಗುವುದಿಲ್ಲ. ಆದರೆ ಗೊತ್ತಿದ್ದು ಬಳಸಬೇಕು.

ನಾಲ್ಕು ಲೆನ್ಸ್, ಒಂದೊಂದಾಗಿ

ಮಧ್ಯಾಹ್ನ ಡಿ750ಯ ಮೆನುವಿನಲ್ಲಿ ಇಮೇಜ್ ಏರಿಯಾಕ್ಕೆ ಹೋಗಿ ಆಟೋ ಡಿಎಕ್ಸ್ ಕ್ರಾಪ್, ಅಂದರೆ ತಾನಾಗಿ ನಡುಭಾಗ ಮಾತ್ರ ಬಳಸುವ ಸೆಟ್ಟಿಂಗ್, ಆಫ್ ಮಾಡಿದೆವು. ಈಗ ಯಾವ ಲೆನ್ಸ್ ಹಾಕಿದರೂ ಪೂರ್ತಿ ಸೆನ್ಸರ್ ಚಿತ್ರ ಹಿಡಿಯುತ್ತದೆ.

18-140ರಲ್ಲಿ, ಝೂಮ್ 18ಕ್ಕಿದ್ದಾಗ, ಕೊಳವೆಯೊಳಗಿಂದ ನೋಡಿದ ಹಾಗೆ ಬಂತು. ಮೂಲೆ ಕಪ್ಪು. ಪ್ರಯೋಜನ ಇಲ್ಲ. ಕ್ರಾಪ್ ಹಾಕಿಕೊಂಡರೆ ಡಿ7200ರಲ್ಲಿ ಬರುವ ನೋಟವೇ ಬರುತ್ತದೆ, ಅಲ್ಲಿ 24 ಮೆಗಾಪಿಕ್ಸೆಲ್, ಇಲ್ಲಿ 10. ಈ ಲೆನ್ಸನ್ನು ಡಿ750ಗೆ ಹಾಕಲು ಕಾರಣವೇ ಇಲ್ಲ.

35 ಎಂಎಂ ಕುತೂಹಲದ್ದು. ಇದು ಡಿಎಕ್ಸ್ ಲೆನ್ಸೇ ಆದರೂ ಇದರ ವೃತ್ತ ತನ್ನ ಅಗತ್ಯಕ್ಕಿಂತ ಸಾಕಷ್ಟು ದೊಡ್ಡದು. ಪೂರ್ತಿ ಸೆನ್ಸರಿನಲ್ಲಿ ಮೂಲೆಗಳಿಗೆ ಗಾಢ ನೆರಳು ಬಂತು, ನಡುವಿನ ಬಹುಭಾಗ ಚೆನ್ನಾಗಿತ್ತು. ಡಿ750ಯಲ್ಲಿ 1.2 ಅನ್ನುವ ಇನ್ನೊಂದು ಕ್ರಾಪ್ ಇದೆ. ಅದು 30 × 20 ಮಿ.ಮೀ. ಭಾಗವನ್ನು ಬಳಸುತ್ತದೆ. ಅದಕ್ಕೆ ಇಟ್ಟಾಗ ಮೂಲೆಗಳು ಹದವಾದವು. ಫೋಟೊ 5008 × 3336, ಸುಮಾರು 16.7 ಮೆಗಾಪಿಕ್ಸೆಲ್. ಮನೆಯೊಳಗಿನ ಫೋಟೊಗೆ ಬೇಕಾದಷ್ಟಾಯಿತು. ಈ ಆಯ್ಕೆ ಇರುವುದೇ ಎಷ್ಟೋ ಡಿ750 ಮಾಲೀಕರ ಗಮನಕ್ಕೆ ಬಂದಿರುವುದಿಲ್ಲ.

50 ಎಂಎಂ ಹಾಕಿದಾಗ ಕರ್ ಕರ್ ಅಂತ ಸದ್ದು ಮಾಡಿಕೊಂಡು ಫೋಕಸ್ ಆಯಿತು. ಇದರೊಳಗೆ ಮೋಟರ್ ಇಲ್ಲ. ಕ್ಯಾಮೆರಾದೊಳಗಿನ ಮೋಟರ್ ಒಂದು ಸ್ಕ್ರೂ ಮೂಲಕ ಇದನ್ನು ತಿರುಗಿಸುತ್ತದೆ. ಡಿ7200, ಡಿ750 ಎರಡರಲ್ಲೂ ಆ ಮೋಟರ್ ಇದೆ. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಇಲ್ಲ, ಅವುಗಳಲ್ಲಿ ಇದೇ ಲೆನ್ಸನ್ನು ಕೈಯಲ್ಲೇ ಫೋಕಸ್ ಮಾಡಬೇಕು. ಹಳೇ ಲೆನ್ಸ್ ಕೊಳ್ಳುವವರು ಇದನ್ನು ಮರೆಯಬಾರದು.

ಈ ಹೊತ್ತಿಗೆ ಭಾವ ಒಂದು ಲೆಕ್ಕ ಹಿಡಿದು ಬಂದರು. "ಡಿಎಕ್ಸ್‌ನಲ್ಲಿ ಲೆನ್ಸಿನ ಎಂಎಂ ಸಂಖ್ಯೆನ 1.5ರಿಂದ ಗುಣಿಸಬೇಕು ಅಂತಾರಲ್ಲ. ಹಾಗಾದ್ರೆ ಡಿಎಕ್ಸ್ ಲೆನ್ಸ್ ಮೇಲೆ 35 ಅಂತ ಬರೆದಿರೋದು ಗುಣಿಸಿದ ಮೇಲಿನ ಸಂಖ್ಯೆನಾ, ಮೊದಲಿನದಾ?"

ಒಳ್ಳೆಯ ಪ್ರಶ್ನೆ. ಬಹಳ ಜನ ಇಲ್ಲಿ ಎಡವುತ್ತಾರೆ. ಲೆನ್ಸ್ ಮೇಲೆ ಬರೆದಿರುವುದು ಯಾವಾಗಲೂ ನಿಜವಾದ ಫೋಕಲ್ ಲೆಂತ್. ಡಿಎಕ್ಸ್ ಆಗಲಿ, ಎಫ್‌ಎಕ್ಸ್ ಆಗಲಿ, 35 ಅಂದರೆ 35. ಅದು ಗಾಜಿನ ಗುಣ. ಸೆನ್ಸರ್ ಬದಲಾದರೆ ಅದು ಬದಲಾಗುವುದಿಲ್ಲ. ಬದಲಾಗುವುದು ನೋಟದ ಅಗಲ. ಡಿಎಕ್ಸ್ ಕ್ಯಾಮೆರಾದಲ್ಲಿ ಯಾವುದೇ 35 ಎಂಎಂ ಹಾಕಿದರೂ, ಫುಲ್ ಫ್ರೇಮಿನಲ್ಲಿ 52 ಎಂಎಂ ಹಾಕಿದರೆ ಎಷ್ಟು ಕಾಣುತ್ತದೋ ಅಷ್ಟೇ ಕಾಣುತ್ತದೆ. ಕಿಟಕಿಯಿಂದ ಒಂದೇ ದೂರದಲ್ಲಿ ನಿಂತು, ಅದರ ಎರಡು ಬದಿಗೂ ರಟ್ಟು ಅಡ್ಡ ಇಟ್ಟ ಹಾಗೆ. ಹೊರಗಿನ ಮರ ಹತ್ತಿರ ಬರುವುದಿಲ್ಲ, ಸುತ್ತಲಿನದು ಕಾಣುವುದಿಲ್ಲ ಅಷ್ಟೇ. ಕ್ಯಾನನ್ ಎಪಿಎಸ್-ಸಿ ಇನ್ನೂ ಸ್ವಲ್ಪ ಚಿಕ್ಕದು, ಅಲ್ಲಿ 1.6. ಮೈಕ್ರೋ ಫೋರ್ ಥರ್ಡ್ಸ್ 17.3 × 13 ಮಿ.ಮೀ., ಅಲ್ಲಿ 2.

ರಂಗನತಿಟ್ಟಿನಲ್ಲಿ ಗೊತ್ತಾದದ್ದು

ನಾಲ್ಕನೆಯ ಲೆನ್ಸಿನ ಪರೀಕ್ಷೆ ಮರುದಿನ ರಂಗನತಿಟ್ಟಿನಲ್ಲಿ. ಭಾವನ ಮನೆಯಿಂದ ಹತ್ತಿರ. 1940ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯ ಮೇಲೆ ಮೈಸೂರು ಅರಸರು ಪಕ್ಷಿಧಾಮ ಮಾಡಿದ ಜಾಗ. ಕಾವೇರಿಯ ನಡುಗಡ್ಡೆಗಳ ತುಂಬಾ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಬಂಡೆ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ದೋಣಿಯವರಿಗೆ ಭಾವ ಹಳೇ ಪರಿಚಯ.

200-500 ಫುಲ್ ಫ್ರೇಮ್ ಲೆನ್ಸ್. ಹಾಗಾಗಿ ಇದರಲ್ಲಿ ಕಪ್ಪು ಮೂಲೆಯ ತೊಂದರೆ ಇಲ್ಲ. 24 ಮೆಗಾಪಿಕ್ಸೆಲ್ಲೂ ಪೂರ್ತಿ ಸಿಗುತ್ತದೆ. ಭಾವ ಬಹಳ ಹುರುಪಿನಲ್ಲಿದ್ದರು. ಹತ್ತು ನಿಮಿಷದಲ್ಲಿ ಮುಖ ಸಪ್ಪಗಾಯಿತು.

"ಹಕ್ಕಿ ಚಿಕ್ಕದಾಗ್ಬಿಟ್ಟಿದೆ ಕಣಪ್ಪ."

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ ಇದು. ಯಾಕೆಂದರೆ ಇಲ್ಲಿ ಲೆನ್ಸ್ ಸರಿಯಿದೆ, ಕ್ಯಾಮೆರಾ ಸರಿಯಿದೆ, ಹೊಂದಿಕೆಯೂ ಸರಿಯಿದೆ. ಆದರೂ ಫೋಟೊ ಮೊದಲಿಗಿಂತ ಹಿಂದೆ ಬಿತ್ತು.

ಲೆಕ್ಕ ನೋಡಿ. ಬಣ್ಣದ ಕೊಕ್ಕರೆಯ ಎತ್ತರ ಸುಮಾರು 1 ಮೀಟರ್. ದೋಣಿಯಿಂದ 50 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 500 ಎಂಎಂ ಲೆನ್ಸಿನಲ್ಲಿ ಸೆನ್ಸರ್ ಮೇಲೆ ಬೀಳುವ ಅದರ ಚಿತ್ರದ ಎತ್ತರ 10 ಮಿ.ಮೀ. ಸೆನ್ಸರ್ ಯಾವುದೇ ಇರಲಿ, 10 ಮಿ.ಮೀ.ಯೇ. ಡಿ7200ರ ಸೆನ್ಸರಿನ ಎತ್ತರ 15.6 ಮಿ.ಮೀ. ಅದರಲ್ಲಿ ಕೊಕ್ಕರೆ ಮೂರನೇ ಎರಡು ಭಾಗ ತುಂಬಿಕೊಳ್ಳುತ್ತದೆ. ಡಿ750ಯ ಸೆನ್ಸರಿನ ಎತ್ತರ 24 ಮಿ.ಮೀ. ಅದರಲ್ಲಿ ಕೊಕ್ಕರೆ ಅರ್ಧಕ್ಕಿಂತ ಕಮ್ಮಿ.

ಇನ್ನು ಪಿಕ್ಸೆಲ್ ಲೆಕ್ಕ. ಡಿ7200ರಲ್ಲಿ 15.6 ಮಿ.ಮೀ.ಯೊಳಗೆ 4000 ಸಾಲು ಪಿಕ್ಸೆಲ್. ಕೊಕ್ಕರೆಗೆ ಸುಮಾರು 2560 ಸಾಲು ಸಿಗುತ್ತದೆ. ಡಿ750ಯಲ್ಲಿ 24 ಮಿ.ಮೀ.ಯೊಳಗೆ 4016 ಸಾಲು. ಕೊಕ್ಕರೆಗೆ ಸಿಗುವುದು ಸುಮಾರು 1670. ಗರಿಯ ಒಂದೊಂದು ಎಳೆ, ಕಣ್ಣಿನ ಸುತ್ತಲಿನ ಚರ್ಮದ ನಿರಿಗೆ, ಇವನ್ನೆಲ್ಲ ಹಿಡಿಯುವುದು ಆ ಸಾಲುಗಳೇ.

"ಫೋಟೊ ಕ್ರಾಪ್ ಮಾಡಿದ್ರೆ ಸರಿಹೋಗಲ್ವಾ?" ಅಂತ ಕೇಳಿದರು. ಕ್ರಾಪ್ ಮಾಡಬಹುದು. ಆಗ ಕೊಕ್ಕರೆ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಆದರೆ ಉಳಿಯುವುದು ಮತ್ತೆ ಅದೇ 10 ಮೆಗಾಪಿಕ್ಸೆಲ್. ಇನ್ನೊಂದು ವಿಷಯವೂ ಇದೆ. ದೊಡ್ಡ ಸೆನ್ಸರಿನ ಲಾಭ ಅಂದರೆ ಒಟ್ಟು ಜಾಸ್ತಿ ಬೆಳಕು ಹಿಡಿಯುವುದು. ಸುತ್ತಲಿನ ಭಾಗ ಕತ್ತರಿಸಿದ ಮೇಲೆ ಆ ಲಾಭವೂ ಕತ್ತರಿಸಿ ಹೋಯಿತು. ಉಳಿದದ್ದು ಡಿಎಕ್ಸ್ ಅಳತೆಯ ಸೆನ್ಸರೇ, ಅದೂ ಕಮ್ಮಿ ಪಿಕ್ಸೆಲ್‌ನದು.

ದೂರದ ಹಕ್ಕಿಗೆ, ಬೆಳಗಿನ ಒಳ್ಳೆಯ ಬಿಸಿಲಿನಲ್ಲಿ, ಹಳೇ ಡಿ7200 ಈ ಹೊಸ ಕ್ಯಾಮೆರಾಕ್ಕಿಂತ ಮುಂದೆ. ಚೌಕಟ್ಟಿನ ಅಂಚಿನ ಕಡೆ ಹಾರುವ ಹಕ್ಕಿಗೂ ಅದೇ ವಾಸಿ. ಎರಡರಲ್ಲೂ 51 ಫೋಕಸ್ ಬಿಂದುಗಳಿವೆ. ಡಿ7200ರಲ್ಲಿ ಅವು ಚೌಕಟ್ಟಿನ ಬಹುಪಾಲು ಹರಡಿವೆ. ಡಿ750ಯಲ್ಲಿ ನಡುವೆ ಗುಂಪಾಗಿವೆ. 45 ಮೆಗಾಪಿಕ್ಸೆಲ್ಲಿನ ಡಿ850 ಆಗಿದ್ದರೆ ಮಾತು ಬೇರೆ. ಅದರ ಡಿಎಕ್ಸ್ ಭಾಗದಲ್ಲೇ 19 ಮೆಗಾಪಿಕ್ಸೆಲ್ ಚಿಲ್ಲರೆ ಸಿಗುತ್ತದೆ. ಅದರ ಬೆಲೆಯೂ ಬೇರೆ.

ಭಾವ ದೋಣಿಯಲ್ಲೇ ಡಿ7200 ತೆಗೆದು 200-500 ಅದಕ್ಕೆ ಸಿಕ್ಕಿಸಿದರು. ಬಂಡೆಯ ಮೇಲಿಂದ ಒಂದು ರೀವ ಹಕ್ಕಿ ನೀರಿನತ್ತ ಎರಗಿತು. ಟಕ ಟಕ ಅಂತ ಶಟರ್ ಸದ್ದು. ಪರದೆ ನೋಡಿ, ಬಾಯಿ ತುಂಬಾ ನಕ್ಕರು.

ಹಾಗಾದರೆ ಫುಲ್ ಫ್ರೇಮ್ ದಂಡವಾ

ಖಂಡಿತ ಅಲ್ಲ. ಒಂದು ತಿಂಗಳಾದ ಮೇಲೆ ಸಂಬಂಧಿಕರ ಮನೆಯ ನಾಮಕರಣ. ನಡುಮನೆ ತೊಟ್ಟಿಲು, ಎರಡು ಬಲ್ಬು, ಹಣತೆ. ಭಾವ ಡಿ750ಗೆ 50 ಎಂಎಂ ಹಾಕಿ, ಎಫ್ 2ರಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದರು. ಮಗುವಿನ ಕಿವಿಯಲ್ಲಿ ಅಜ್ಜಿ ಹೆಸರು ಹೇಳುತ್ತಿರುವ ಆ ಫೋಟೊ ನೋಡಬೇಕು. ಅಜ್ಜಿಯ ಕೆನ್ನೆಯ ಮೇಲೆ ಹಣತೆಯ ಬೆಳಕು ಹೇಗಿತ್ತೋ ಹಾಗೇ ಬಂದಿದೆ. ಕತ್ತಲಿನ ಭಾಗದಲ್ಲೂ ಮರಳಿಲ್ಲ. ಒಂದೇ ನೋಟ, ಒಂದೇ ಅಪರ್ಚರ್ ಇಟ್ಟರೆ ದೊಡ್ಡ ಸೆನ್ಸರ್ 2.3 ಪಟ್ಟು ಬೆಳಕು ಹಿಡಿಯುತ್ತದೆ. ಒಂದು ಸ್ಟಾಪಿಗಿಂತ (ಅಂದರೆ ದುಪ್ಪಟ್ಟು ಬೆಳಕಿಗಿಂತ) ಸ್ವಲ್ಪ ಜಾಸ್ತಿ ಲಾಭ. ಅದಕ್ಕಿಂತ ದೊಡ್ಡ ಲಾಭ ಕೊಟ್ಟದ್ದು ಲೆನ್ಸ್. 18-140 ಮುಂದಕ್ಕೆ ಝೂಮ್ ಮಾಡಿದಾಗ ಎಫ್ 5.6. ಅದರಿಂದ ಎಫ್ 2ಕ್ಕೆ ಬಂದರೆ ಮೂರು ಸ್ಟಾಪ್, ಅಂದರೆ 8 ಪಟ್ಟು ಬೆಳಕು. ಮದುವೆಯ ದಿನ ಡಿ7200ಗೇ ಈ 50 ಎಂಎಂ ಹಾಕಿದ್ದರೆ ಫೋಟೊಗಳು ಅಷ್ಟು ಕೆಡುತ್ತಿರಲಿಲ್ಲ. ಭಾವನಿಗೂ ಇದನ್ನು ಹೇಳಿದೆ. ಅವರು ಒಪ್ಪಿದರು.

ಶಾಲೆಯ ಗ್ರೂಪ್ ಫೋಟೊದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಮಕ್ಕಳು ಮೂರು ಸಾಲು. ಡಿ7200ರಲ್ಲಿ ಎಫ್ 5.6 ಇಟ್ಟರೆ ಮೂರೂ ಸಾಲು ಸ್ಪಷ್ಟವಾಗಿ ಬರುತ್ತಿತ್ತು. ಅದೇ ಅಭ್ಯಾಸದಲ್ಲಿ ಡಿ750ಯಲ್ಲೂ 5.6 ಇಟ್ಟರು. ಹಿಂದಿನ ಸಾಲಿನವರ ಮುಖ ಸ್ವಲ್ಪ ಮಸುಕು. ನೋಟ ಅಷ್ಟೇ ಇರಬೇಕು, ಸ್ಪಷ್ಟತೆಯ ಆಳವೂ ಅಷ್ಟೇ ಬೇಕು ಅಂದರೆ ಫುಲ್ ಫ್ರೇಮಿನಲ್ಲಿ ಅಪರ್ಚರ್ ಸಂಖ್ಯೆಯನ್ನೂ 1.5ರಿಂದ ಗುಣಿಸಬೇಕು. 5.6ರ ಜಾಗಕ್ಕೆ 8. ಆಗ ಬೆಳಕು ಅರ್ಧವಾಗುತ್ತದೆ, ಐಎಸ್‌ಒ ದುಪ್ಪಟ್ಟಾಗುತ್ತದೆ. ಅಲ್ಲಿಗೆ ದೊಡ್ಡ ಸೆನ್ಸರಿನ ಲಾಭ ಹೆಚ್ಚು ಕಮ್ಮಿ ಸರಿಸಮ. ಗ್ರೂಪ್ ಫೋಟೊಗೆ ಯಾವ ಕ್ಯಾಮೆರಾ ಆದರೂ ನಡೆಯುತ್ತದೆ ಅನ್ನುವುದು ಅದಕ್ಕೇ.

ಎಕ್ಸ್‌ಚೇಂಜ್ ಮಾತು

ನಡುವೆ ಇನ್ನೊಂದು ಅಂಗಡಿಯವರು ಭಾವನಿಗೆ ಆಸೆ ತೋರಿಸಿದರು. ಎರಡೂ ಕ್ಯಾಮೆರಾ ಕೊಟ್ಟುಬಿಡಿ, ಮಿರರ್‌ಲೆಸ್ ತಗೊಳ್ಳಿ, ಅಡಾಪ್ಟರ್ ಹಾಕಿದರೆ ನಿಮ್ಮ ಎಲ್ಲ ಲೆನ್ಸೂ ಕೆಲಸ ಮಾಡುತ್ತವೆ ಅಂತ.

ಇಲ್ಲಿ ಆ 46.5 ಮತ್ತೆ ಬರುತ್ತದೆ. 2018ರಲ್ಲಿ ಬಂದ ನಿಕಾನ್ ಝಡ್ ಮೌಂಟಿನಲ್ಲಿ ಮೌಂಟಿಗೂ ಸೆನ್ಸರಿಗೂ ಇರುವ ದೂರ 16 ಮಿ.ಮೀ. ಮಾತ್ರ. ಒಳಗೆ ಕನ್ನಡಿ ಇಲ್ಲ, ಹಾಗಾಗಿ ಜಾಗ ಬೇಕಿಲ್ಲ. ಹಳೇ ಲೆನ್ಸಿಗೆ 46.5 ಬೇಕು. ಭಾವ ಕಳೆದರು: 30.5 ಮಿ.ಮೀ. ಎಫ್‌ಟಿಝಡ್ ಅನ್ನುವ ಅಡಾಪ್ಟರ್ ಕೊಡುವುದು ಆ ದೂರವನ್ನೇ. ಅದರಲ್ಲಿ ಗಾಜಿಲ್ಲ. ಇದನ್ನೇ ಉಲ್ಟಾ ಮಾಡಲು ಆಗುವುದಿಲ್ಲ. ಝಡ್ ಲೆನ್ಸನ್ನು ಡಿ750ಗೆ ಹಾಕಬೇಕಾದರೆ ಕನ್ನಡಿ ಇರುವ ಜಾಗದೊಳಕ್ಕೇ ಅದನ್ನು ತೂರಿಸಬೇಕಾಗುತ್ತದೆ.

"ಎಲ್ಲ ಲೆನ್ಸೂ ಕೆಲಸ ಮಾಡುತ್ತವೆ" ಅನ್ನುವ ಮಾತನ್ನು ಲೆನ್ಸ್ ಲೆನ್ಸಾಗಿ ಬಿಡಿಸಿ ನೋಡಿದೆವು. 200-500 ಚೆನ್ನಾಗಿಯೇ ಕೆಲಸ ಮಾಡುತ್ತದೆ. 18-140, 35 ಎರಡೂ ಫುಲ್ ಫ್ರೇಮ್ ಝಡ್‌ನಲ್ಲಿ ಮತ್ತೆ ಅದೇ ಕ್ರಾಪ್ ಕಥೆ. 50 ಡಿ ಕೂರುತ್ತದೆ, ಆದರೆ ಎಫ್‌ಟಿಝಡ್‌ನಲ್ಲಿ ಫೋಕಸ್ ಮೋಟರ್ ಇಲ್ಲ. ಕೈಯಲ್ಲೇ ಫೋಕಸ್ ಮಾಡಬೇಕು. ತೊಟ್ಟಿಲ ಮುಂದೆ ಆಟೋಫೋಕಸ್ ಸದ್ದು ಮಾಡಿಕೊಂಡು ಅಷ್ಟು ಚಂದದ ಫೋಟೊ ಕೊಟ್ಟ ಲೆನ್ಸ್ ಅದೇ. ಭಾವನಿಗೆ ಮನಸ್ಸು ಬರಲಿಲ್ಲ. ಬೇಡ ಅಂದರು. ನಾನೂ ಅದನ್ನೇ ಹೇಳುತ್ತಿದ್ದೆ.

ಕೊನೆಗೆ ಅವರು ಮಾಡಿದ್ದು ಇಷ್ಟು. ಎರಡೂ ಕ್ಯಾಮೆರಾ ಇಟ್ಟುಕೊಂಡರು. ಡಿ7200ಗೆ 200-500 ಕಾಯಂ ಜೋಡಿ. ಪ್ರವಾಸಕ್ಕೆ ಅದಕ್ಕೇ 18-140. ಡಿ750ಗೆ 50, ಮನೆಯೊಳಗೆ ಬೇಕಾದಾಗ 1.2 ಕ್ರಾಪಿನಲ್ಲಿ 35. ಸ್ವಲ್ಪ ದಿನ ದುಡ್ಡು ಕೂಡಿಟ್ಟು, ಸೆಕೆಂಡ್ ಹ್ಯಾಂಡಿನಲ್ಲಿ ಒಂದು 24-120 ಎಫ್ 4 ತಗೊಂಡರು. ಅದು ಫುಲ್ ಫ್ರೇಮ್ ಲೆನ್ಸ್. ಈ ಸಲ ಅಂಗಡಿಗೆ ಹೋಗುವಾಗ ಡಿ750 ಜೊತೆಗೇ ಒಯ್ದಿದ್ದರು. ಲೆನ್ಸ್ ಸಿಕ್ಕಿಸಿ, 24ಕ್ಕೆ ತಿರುಗಿಸಿ, ಅಂಗಡಿಯ ಬಿಳಿ ಗೋಡೆಯ ಫೋಟೊ ತೆಗೆದು, ನಾಲ್ಕೂ ಮೂಲೆಯನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, ಆಮೇಲೆ ದುಡ್ಡು ಕೊಟ್ಟರು.

ಈಗ ಅವರ ಎಲ್ಲ ಲೆನ್ಸಿನ ಹಿಂದಿನ ಮುಚ್ಚಳಕ್ಕೂ ಒಂದೊಂದು ಚೂರು ಇನ್ಸುಲೇಶನ್ ಟೇಪ್ ಅಂಟಿದೆ. ಡಿಎಕ್ಸ್‌ಗೆ ಹಳದಿ, ಫುಲ್ ಫ್ರೇಮಿಗೆ ಕೆಂಪು. ಎರಡು ಆಯತ ಬರೆದ ಆ ಬಿಳಿ ರಟ್ಟನ್ನು ಶಾಲೆಗೆ ಒಯ್ದಿದ್ದಾರೆ. ಹತ್ತನೇ ತರಗತಿಗೆ ಪೈಥಾಗೊರಸ್ ಪ್ರಮೇಯ ಹೇಳುವಾಗ ಕಂಬಳಿಯೂ ಜೊತೆಗೆ ಹೋಗುತ್ತದಂತೆ.